ಟಿವಿಯನ್ನು ಗೋಡೆಗೆ ನಿಲ್ಲಿಸಿದ ಮೇಷ್ಟ್ರು

ದವಡೆ ಮುರಿದದ್ದು ಮಾರೇನಹಳ್ಳಿಯ ನಮ್ಮ ಬೀದಿಯಲ್ಲಿದ್ದ ನಿವೃತ್ತ ಡ್ರಿಲ್ ಮೇಷ್ಟ್ರದು. ಉದುರಿದ ಹಲ್ಲುಗಳು ಅವರವು. ಪೋರ್ಟಿಕೊದ ನೆಲಕ್ಕೆ ಅಂಟಿದ ರಕ್ತವನ್ನು ಮೊಣಕಾಲೂರಿ ಒರೆಸಿದ್ದು ಅವರ ಹೆಂಡತಿ. ಬಿಡಿಸಲು ಅಡ್ಡ ಹೋಗಿ ಮುಂಗೈ ಮುರಿಸಿಕೊಂಡದ್ದು ಪಕ್ಕದ ರಸ್ತೆಯಲ್ಲಿ ಕನ್ನಡಕದ ಅಂಗಡಿ ಇಟ್ಟಿರುವ, ನಾವೆಲ್ಲ ಭಾಯಿ ಎಂದು ಕರೆಯುವ ಮನುಷ್ಯ. ಈ ಏಟುಗಳಿಗೆ ಕರೆ ಕೊಟ್ಟ ಕ್ರೀಡಾ ವಾಹಿನಿಯ ನಿರೂಪಕನ ಕೋಟಿನ ಇಸ್ತ್ರಿ ಕೂಡ ಮುದುಡಿಲ್ಲ.

ಇದನ್ನು ಮೊದಲೇ ಹೇಳಲು ಕಾರಣವಿದೆ. ಮೇಷ್ಟ್ರು ತೀರಿಕೊಂಡ ದಿನ ಅಂಗಳದಲ್ಲಿ ನಿಂತಿದ್ದವರಲ್ಲಿ ಹೆಚ್ಚಿನವರು ಆಡಿದ್ದು ಒಂದೇ ಮಾತು: ವಯಸ್ಸಾಗಿತ್ತು. ವಯಸ್ಸಾಗಿದ್ದದ್ದು ನಿಜ. ಆದರೆ ವಯಸ್ಸು ಯಾರ ದವಡೆಯನ್ನೂ ವಿಕೆಟ್ ಕಡ್ಡಿಯಿಂದ ಒಡೆಯುವುದಿಲ್ಲ. ಸತ್ತವರ ವಯಸ್ಸನ್ನು ಮುಂದೆ ಮಾಡಿ ಕೊಂದವರನ್ನು ಹಿಂದೆ ಅಡಗಿಸುವುದು ಕೂಡ ಒಂದು ಅನ್ಯಾಯ, ಅದನ್ನೂ ಇಲ್ಲಿ ದಾಖಲಿಸುತ್ತಿದ್ದೇನೆ.

ಅವರನ್ನು ಸಂತನನ್ನಾಗಿ ಮಾಡುವ ಉದ್ದೇಶ ನನಗಿಲ್ಲ. ನಮ್ಮ ಪರಿಚಯ ಆರಂಭವಾದದ್ದೇ ಒಂದು ದೂರಿನಿಂದ. ಆಗ ಅವರು ಲಗ್ಗೆರೆಯ ಒಂದು ಶಾಲೆಯಲ್ಲಿದ್ದರು. ಪೀಣ್ಯದ ಕಾರ್ಖಾನೆಗಳಲ್ಲಿ ಪಾಳಿಯ ಮೇಲೆ ದುಡಿಯುವವರ ಮಕ್ಕಳು ಓದುವ ಶಾಲೆ. ಮಕ್ಕಳನ್ನು ಹೊಡೆಯುವುದರ ವಿರುದ್ಧ ಕೆಲಸ ಮಾಡುವ ನಮ್ಮ ಗುಂಪು ಅಲ್ಲಿಗೆ ಹೋದಾಗ, ಹುಡುಗರು ಒಬ್ಬರ ಹಿಂದೊಬ್ಬರು ಬಂದು ಅಂಗೈ, ಮೀನಖಂಡ, ಬೆನ್ನು ತೋರಿಸಿದರು. ಬೆತ್ತದ ಬಾಸುಂಡೆಗಳು. ಒಬ್ಬ ಹುಡುಗನ ಎಡಗಿವಿ ಕಪಾಳದ ಏಟಿನಿಂದ ಊದಿಕೊಂಡಿತ್ತು. ತಡವಾಗಿ ಬಂದದ್ದು ಅವನ ತಪ್ಪು. ತಾಯಿ ಬೆಳಗಿನ ಪಾಳಿಗೆ ಹೋಗಿದ್ದರಿಂದ ತಮ್ಮನನ್ನು ಅಂಗನವಾಡಿಗೆ ಬಿಟ್ಟು ಬರಬೇಕಾಗಿತ್ತು ಎಂಬುದನ್ನು ಮೇಷ್ಟ್ರು ಕೇಳಿರಲಿಲ್ಲ. ಅದು ಹಿಂಸೆ. ಅಂದೂ ಹಾಗೆಂದೇ ಬರೆದುಕೊಟ್ಟೆ, ಇಂದೂ ಅದರಲ್ಲಿ ಒಂದಕ್ಷರ ತೆಗೆಯಲು ಸಿದ್ಧಳಿಲ್ಲ.

ವಿಚಾರಣೆಯ ದಿನ ಅವರು ಮುಖ್ಯೋಪಾಧ್ಯಾಯರ ಕೋಣೆಗೆ ಬೆತ್ತದೊಂದಿಗೇ ಬಂದರು. ಅದನ್ನು ಮೇಜಿನ ಮೇಲೆ ನನ್ನ ಕಡೆಗೆ ಹಿಡಿ ಮಾಡಿ ಇಟ್ಟರು.

"ತಗೊಳಮ್ಮ, ನೀನೇ ಇಟ್ಕೋ. ಇದಿಲ್ದೆ ಮುನ್ನೂರು ಹುಡುಗರನ್ನ ಹೆಂಗೆ ನಿಲ್ಸೋದು ಅಂತ ಹೇಳ್ಕೊಟ್ಟು ಹೋಗು."

"ಸಾರ್, ನಿಮಗೆ ಸೀಟಿ ಇದೆಯಲ್ಲ."

ಅವರು ಎದೆಯ ಮೇಲೆ ನೇತಾಡುತ್ತಿದ್ದ ಹಿತ್ತಾಳೆ ಸೀಟಿಯನ್ನು ಮೊದಲ ಬಾರಿ ನೋಡುತ್ತಿರುವವರಂತೆ ನೋಡಿದರು. ಬೆತ್ತವನ್ನು ಮೇಜಿನ ಮೇಲೆಯೇ ಬಿಟ್ಟು ಹೊರಟರು. ಮುಂದಿನ ಸಲ ಹೋದಾಗ ಹುಡುಗರು ಹೊಸ ಶಿಕ್ಷೆಯ ಬಗ್ಗೆ ಹೇಳಿದರು: ತಪ್ಪು ಮಾಡಿದವನು ಗೋಡೆಗೆ ಮುಖ ಮಾಡಿ ಒಂದು ಓವರ್ ನಿಲ್ಲಬೇಕು. ಒಂದು ಓವರ್ ಎಂದರೆ ಆರು ಎಸೆತ. ಅಂಪೈರಿಂಗ್ ಮಾಡುತ್ತಿದ್ದ ಕಾಲದಿಂದ ಅವರ ಎಡ ಜೇಬಿನಲ್ಲಿ ಆರು ಹುಣಸೆಬೀಜಗಳಿರುತ್ತಿದ್ದವು. ಒಂದೊಂದು ಎಸೆತಕ್ಕೆ ಒಂದೊಂದು ಬೀಜ ಬಲ ಜೇಬಿಗೆ. ಆಟ ನಡೆಯದಿರುವಾಗ ಶಿಕ್ಷೆ ಬಿದ್ದರೆ ಮನಸ್ಸಿನಲ್ಲೇ ಬೌಲರನನ್ನು ಓಡಿಸಿ ಬೀಜ ದಾಟಿಸುತ್ತಿದ್ದರು. ಮೇಷ್ಟ್ರ ಮನಸ್ಸಿನ ಬೌಲರನಿಗೆ ರನ್-ಅಪ್ ಬಹಳ ಉದ್ದ ಎಂಬುದು ಗೋಡೆ ನೋಡಿದವರೆಲ್ಲರ ದೂರಾಗಿತ್ತು.

ಇದೂ ಶಿಕ್ಷೆಯೇ, ಅವಮಾನವೂ ಶಿಕ್ಷೆಯೇ ಎಂದು ನಾನು ಅವರೊಂದಿಗೆ ವಾದಿಸಿದ್ದುಂಟು. "ಬೆತ್ತ ಕಿತ್ಕೊಂಡೆ, ಇನ್ನು ಗೋಡೆನೂ ಕಿತ್ಕೋತೀಯಾ?" ಎಂದಿದ್ದರು.

ನಿವೃತ್ತರಾದ ಮೇಲೆ ಅವರು ನಮ್ಮ ಬೀದಿಗೆ ಬಂದು ನೆಲೆಸಿದರು. ಆಟವನ್ನು ಒಬ್ಬರೇ ನೋಡುವುದು ಅವರಿಗೆ ಬಾರದು. ಶಾಲೆಯ ಹರಾಜಿನಲ್ಲಿ ತಂದಿದ್ದ ಚಕ್ರದ ಕಬ್ಬಿಣದ ಸ್ಟ್ಯಾಂಡಿನ ಮೇಲೆ ಟಿವಿ ಇಟ್ಟು, ಪಂದ್ಯದ ದಿನ ಪೋರ್ಟಿಕೊಗೆ ತಳ್ಳಿಕೊಂಡು ಬರುತ್ತಿದ್ದರು. ಬೀದಿಯವರು ತಂತಮ್ಮ ಕುರ್ಚಿ ಹೊತ್ತು ತರುತ್ತಿದ್ದರು. ಅವರ ಹೆಂಡತಿ ಪಾತ್ರೆ ತುಂಬ ಬೇಯಿಸಿದ ಕಡಲೆಕಾಯಿ ತಂದಿಡುತ್ತಿದ್ದರು. ನಿಯಮ ಒಂದೇ: ಕೊನೆಯ ಎಸೆತದವರೆಗೆ ಪಕ್ಷ, ಜಾತಿ, ಧರ್ಮದ ಮಾತು ಇಲ್ಲ. ಆಡಿದರೆ ಸೀಟಿ. ಸೀಟಿ ಊದಿದರೆ ಎಡಗಡೆಯ ಕಾಂಪೌಂಡ್ ಗೋಡೆ. ವಯಸ್ಸು, ಹುದ್ದೆ ಯಾವುದಕ್ಕೂ ವಿನಾಯಿತಿಯಿಲ್ಲ. ಬ್ಯಾಂಕಿನ ಮ್ಯಾನೇಜರು, ಹಳೆಯ ಹಳ್ಳಿಯ ಜಮೀನುದಾರರ ಮನೆಯವರು, ಎಲ್ಲರೂ ಆ ಗೋಡೆಯ ಪಾಚಿಯನ್ನು ಹತ್ತಿರದಿಂದ ನೋಡಿದವರೇ.

ನಾನೂ ನೋಡಿದ್ದೇನೆ. ಒಂದು ಬೇಸಿಗೆ, ನಮ್ಮ ಬೀದಿಗೆ ವಾರಕ್ಕೊಮ್ಮೆಯೂ ನೀರು ಬಾರದಿದ್ದಾಗ, ಪರದೆಯ ಮೇಲಿನ ಹಸಿರು ಹುಲ್ಲನ್ನು ನೋಡಿ, "ಕುಡಿಯೋಕೆ ಇಲ್ಲ, ಇದಕ್ಕೆ ಮಾತ್ರ ಟ್ಯಾಂಕರ್ ಮೇಲೆ ಟ್ಯಾಂಕರ್," ಎಂದೆ. ಸೀಟಿ ಕಿವಿಯ ಪಕ್ಕದಲ್ಲೇ ಕೂಗಿತು.

"ಇದು ರಾಜಕೀಯ ಅಲ್ಲ ಸಾರ್, ಬಾಯಾರಿಕೆ."

"ಗೋಡೆ ಹತ್ರ ನಿಂತು ಬಾಯಾರ್ಕೊಳಮ್ಮ. ಒಂದು ಓವರ್."

ಆಟ ಮತ್ತು ರಾಜಕೀಯ ಬೇರೆ ಬೇರೆ ಎಂಬ ಅವರ ನಂಬಿಕೆಯನ್ನು ನಾನು ಅಂದೂ ಒಪ್ಪಲಿಲ್ಲ. ಯಾರಿಗೆ ಮೈದಾನ ಸಿಗುತ್ತದೆ, ಯಾರಿಗೆ ಸಿಗುವುದಿಲ್ಲ ಎಂಬುದೇ ರಾಜಕೀಯ. ಆದರೆ ಪಂದ್ಯ ಮುಗಿದ ಕೂಡಲೇ ಅವರು ಟಿವಿ ಆರಿಸಿ, ಕುರ್ಚಿಯನ್ನು ನನ್ನ ಎದುರಿಗೆ ತಿರುಗಿಸಿ, "ಈಗ ಹೇಳು ನೀರಿನ ವಿಷಯ," ಎಂದರು. ಪೂರ್ತಿ ಕೇಳಿದರು. ಮನವಿಗೆ ಸಹಿ ಹಾಕಿದರು, ಹೆಂಡತಿಯಿಂದಲೂ ಹಾಕಿಸಿದರು. ಅವರ ನಿಯಮ ಮಾತನ್ನು ತಡೆಯುತ್ತಿರಲಿಲ್ಲ, ಸರದಿಯಲ್ಲಿ ನಿಲ್ಲಿಸುತ್ತಿತ್ತು. ಅವರು ಯಾರಿಗೆ ಮತ ಹಾಕುತ್ತಿದ್ದರು ಎಂಬುದು ಬೀದಿಯಲ್ಲಿ ಒಬ್ಬರಿಗೂ ತಿಳಿದಿರಲಿಲ್ಲ.

ಈ ನಿಯಮಕ್ಕೆ ಒಪ್ಪದವನು ಒಬ್ಬನೇ. ಅವನು ಟಿವಿಯ ಒಳಗಿದ್ದ.

ಕೆಲವು ವರ್ಷಗಳಿಂದ ಕ್ರೀಡಾ ವಾಹಿನಿಗಳು ಏನಾಗಿವೆ ಎಂಬುದನ್ನು ನೋಡುವವರೆಲ್ಲ ಬಲ್ಲರು. ಸ್ವಿಂಗ್ ಬಗ್ಗೆ ಹೇಳಬೇಕಾದವರು ನಿಷ್ಠೆಯ ಬಗ್ಗೆ ಹೇಳುತ್ತಾರೆ. ಎರಡು ಓವರುಗಳ ನಡುವೆ ಗಣ್ಯರ ಮುಖ, ವಿಕೆಟ್ ಬಿದ್ದರೆ ಗಣ್ಯರ ಕೈಚಪ್ಪಾಳೆ. ಯಾವ ಆಟಗಾರ ಯಾರ ಕೈ ಕುಲುಕಿದ, ಯಾರ ಕೈ ಕುಲುಕಲಿಲ್ಲ ಎಂಬುದಕ್ಕೆ ಅರ್ಧ ಗಂಟೆ. ಬೀದಿಯವರು ಮೊದಲು ಗೊಣಗಿದರು, ಆಮೇಲೆ ಬೈದರು. ಮೇಷ್ಟ್ರು ಒಂದು ಹಂತ ಮುಂದೆ ಹೋದರು. ಒಂದು ಪಂದ್ಯದಲ್ಲಿ ಕ್ಯಾಚ್ ಬಿಟ್ಟ ಹುಡುಗನ ಹೆಸರು ಹಿಡಿದು, ಇವನಿಗೆ ನಿಜಕ್ಕೂ ಗೆಲ್ಲುವ ಮನಸ್ಸಿದೆಯೇ ಎಂದು ಸ್ಟುಡಿಯೋದವರು ನಕ್ಕಾಗ, ಒಳಗಿನಿಂದ ಬ್ಯಾಟ್ ತಂದು ಟಿವಿಗೆ ಬೀಸಿದರು. ಮೂರು ಏಟು. ಮೊದಲನೆಯದಕ್ಕೇ ಪರದೆ ಸತ್ತಿತ್ತು. ಉಳಿದೆರಡು ಅವರೊಳಗಿನ ಬೆತ್ತದ ಏಟುಗಳು. ಸಿಡಿದ ಚೂರೊಂದು ಕಡಲೆಕಾಯಿ ಹಿಡಿದು ನಿಂತಿದ್ದ ಹೆಂಡತಿಯ ಪಾದಕ್ಕೆ ಹೊಕ್ಕಿತು. ಆ ಕಲೆ ಇಂದಿಗೂ ಅವರ ಕಾಲಿನ ಮೇಲಿದೆ. ಗಂಡಸಿನ ನ್ಯಾಯವಾದ ಸಿಟ್ಟು ಯಾವಾಗಲೂ ಮನೆಯ ಹೆಂಗಸಿನ ಮೈಮೇಲೆಯೇ ಬಂದು ಬೀಳುವುದೇಕೆ ಎಂದು ನಾನು ಕೇಳಿದೆ. ಉತ್ತರಿಸಿದವರು ಕಾಲಿಗೆ ಬಟ್ಟೆ ಸುತ್ತಿಕೊಳ್ಳುತ್ತಿದ್ದ ಅವರ ಹೆಂಡತಿ, ನಾವೆಲ್ಲ ಅಮ್ಮನವರು ಎಂದು ಕರೆಯುವವರು.

"ಇವರಿಗೆ ಹೊಡೆಯೋದು ಬಿಟ್ರೆ ಕೈಗೆ ಬೇರೆ ಕೆಲ್ಸ ಗೊತ್ತಿಲ್ಲ. ಅಲ್ರೀ, ಬ್ಯಾಂಕ್ ಮ್ಯಾನೇಜರನ್ನ ಗೋಡೆಗೆ ನಿಲ್ಸೋರು, ಅದನ್ನೂ ನಿಲ್ಸಿ. ಅದಕ್ಕೂ ಚಕ್ರ ಇದೆಯಲ್ಲ."

ಹೀಗೆ ಶುರುವಾಯಿತು ಟಿವಿಗೆ ಗೋಡೆ ಶಿಕ್ಷೆ. ಹೊಸ ಟಿವಿ ಬಂತು, ಹಳೆಯ ಸ್ಟ್ಯಾಂಡಿನ ಮೇಲೆ ಕೂತಿತು. ಸ್ಟುಡಿಯೋದವರು ಆಟ ಬಿಟ್ಟು ಅತ್ತಿತ್ತ ಹೋದರೆ ಮೇಷ್ಟ್ರು ಸೀಟಿ ಊದಿ, ರಿಮೋಟಿನಿಂದ ದನಿ ಅಡಗಿಸಿ, ಸ್ಟ್ಯಾಂಡನ್ನು ತಿರುಗಿಸಿ ಪರದೆಯನ್ನು ಕಾಂಪೌಂಡ್ ಗೋಡೆಗೆ ಮುಖ ಮಾಡಿಸಿ, ಬೀಜ ದಾಟಿಸಲು ಆರಂಭಿಸುತ್ತಿದ್ದರು. ಆ ಒಂದು ಓವರ್ ನಾವು ಟಿವಿಯ ಬೆನ್ನು ನೋಡುತ್ತಾ ಕಡಲೆಕಾಯಿ ಸುಲಿಯುತ್ತಿದ್ದೆವು. ಆ ಪೋರ್ಟಿಕೊದಲ್ಲಿ ಅಷ್ಟು ನಗು ಬೇರೆ ಯಾವಾಗಲೂ ಇರುತ್ತಿರಲಿಲ್ಲ.

ಎಲ್ಲ ಕೆಟ್ಟದ್ದಕ್ಕೆ ಮೊದಲಾದ ಆ ದಿನದ ಪಂದ್ಯ ನೆರೆದೇಶದ ತಂಡದೊಂದಿಗೆ. ಮೊದಲ ಇನಿಂಗ್ಸ್ ಮುಗಿದಿತ್ತು. ಮೂಲೆಮನೆಯ ಅಳಿಯ, ಜಾಗ ಕೊಡಿಸುವ ವ್ಯವಹಾರ ಮಾಡುವವನು, ತಮಾಷೆಯವನೇ, ಭಾಯಿಯ ಬೆನ್ನು ತಟ್ಟಿದ.

"ಏನ್ ಭಾಯ್, ಇವತ್ತು ಯಾವ ಕಡೆ?"

ಭಾಯಿ ಕನ್ನಡಕ ತೆಗೆದು ಒರೆಸಿಕೊಂಡರು. ಅವರಿಗೆ ಬೇಸರವಾದಾಗಲೆಲ್ಲ ಅದು ಮಂಜಾಗುತ್ತದೆ. ಸೀಟಿ ಕೂಗಿತು. ಅಳಿಯ ನಗುತ್ತಲೇ ಹೋಗಿ ಗೋಡೆಗೆ ನಿಂತ, ನಿಂತಲ್ಲೇ ಮೊಬೈಲ್ ತೆಗೆದು ಚಿತ್ರೀಕರಿಸತೊಡಗಿದ. ಎರಡನೆಯ ಬೀಜ ದಾಟುವಷ್ಟರಲ್ಲಿ ಟಿವಿಯೊಳಗಿನ ನಿರೂಪಕ ಕ್ಯಾಮೆರಾಗೆ ಬೆರಳು ತೋರಿಸಿ, "ಈ ದೇಶದಲ್ಲಿ ಇಂದು ಯಾರು ಯಾವ ಕಡೆ ಇದ್ದಾರೆ ಎಂದು ನಾವು ನೋಡುತ್ತಿದ್ದೇವೆ," ಎಂದ. ಅದೇ ತಪ್ಪು, ಅದೇ ಶಿಕ್ಷೆ. ಮೇಷ್ಟ್ರು ದನಿ ಅಡಗಿಸಿದರು, ಟಿವಿಯನ್ನು ಅಳಿಯನ ಪಕ್ಕಕ್ಕೆ ತಿರುಗಿಸಿದರು.

"ಜೋಡಿ ಆಯ್ತು ಬಿಡಿ ಸಾರ್," ಎಂದರು ಭಾಯಿ. "ಇಬ್ರೂ ಮಾತಾಡ್ಕೊಂಡು ನಿಂತಿರ್ಲಿ."

ಎಲ್ಲರೂ ನಕ್ಕೆವು. ಮೇಷ್ಟ್ರು ಸೀಟಿ ಕಚ್ಚಿಕೊಂಡು, ಟಿವಿಗೆ ಬೆನ್ನು ಮಾಡಿ, ಜೇಬಿನಲ್ಲಿ ಕೈಯಿಟ್ಟು ನಿಂತಿದ್ದರು. ನಮಗಾರಿಗೂ ಕಾಣದ ಆ ಪರದೆಯ ಮೇಲೆ ಅದೇ ಹೊತ್ತಿಗೆ ಹುತಾತ್ಮ ಯೋಧರ ಭಾವಚಿತ್ರಗಳು ಒಂದರ ನಂತರ ಒಂದು ಹಾದುಹೋಗುತ್ತಿದ್ದವು. ಕಂಡದ್ದು ಗೋಡೆ ಬಳಿ ನಿಂತಿದ್ದ ಒಬ್ಬನಿಗೆ, ಅವನ ಮೊಬೈಲಿಗೆ.

ವೀಕ್ಷಕರು ಕಳಿಸಿದ ತುಣುಕುಗಳನ್ನು ತೋರಿಸುವ ಕಾರ್ಯಕ್ರಮವೊಂದು ಆ ವಾಹಿನಿಯಲ್ಲಿತ್ತು. ಟಿವಿಯಲ್ಲಿ ತನ್ನ ಬೀದಿ ಕಾಣಲಿ ಎಂಬ ಆಸೆಗೆ ಅಳಿಯ ತುಣುಕು ಕಳಿಸಿದ. ಕಳಿಸುವ ಮೊದಲು ತನ್ನ ಮಾತಿನಿಂದ ಟಿವಿ ತಿರುಗುವವರೆಗಿನ ಭಾಗವನ್ನು ಕತ್ತರಿಸಿದ. ಉಳಿದದ್ದು ಇಷ್ಟು: ಯೋಧರ ಚಿತ್ರಗಳು ಗೋಡೆಗೆ ಮುಖ ಮಾಡಿವೆ, ಒಬ್ಬ ಮುದುಕ ಅವಕ್ಕೆ ಬೆನ್ನು ಹಾಕಿ, ಮುಖ ಓರೆಯಾಗಿ ಕಾಣುವಂತೆ ನಿಂತಿದ್ದಾನೆ, ಸುತ್ತಲೂ ಜನ ನಗುತ್ತಿದ್ದಾರೆ. ವಾಹಿನಿಯವರು ಒಂದು ಕರೆ ಮಾಡಿ ವಿಚಾರಿಸಲಿಲ್ಲ. ಮೇಷ್ಟ್ರ ಮುಖವನ್ನು ಮಸುಕು ಮಾಡಲಿಲ್ಲ. ಬೀದಿಯ ತಿರುವಿನ ಬೋರ್ಡನ್ನೂ ಮುಚ್ಚಲಿಲ್ಲ. ನಿರೂಪಕ ತುಣುಕನ್ನು ಎರಡು ಬಾರಿ ಹಾಕಿಸಿ ಹೇಳಿದ: "ಈ ಮುಖ ಗುರುತಿಟ್ಟುಕೊಳ್ಳಿ. ಇವರಿಗೆ ಪಾಠ ಕಲಿಸುವವರು ಯಾರೂ ಇಲ್ಲವೇ?" ಪಕ್ಕದಲ್ಲಿದ್ದ ಮಾಜಿ ಆಟಗಾರ ತಲೆಯಾಡಿಸಿದ.

ಆ ತುಣುಕನ್ನು ನನ್ನ ಮೊಬೈಲಿನಲ್ಲೇ ಮೇಷ್ಟ್ರಿಗೆ ತೋರಿಸಿದೆ. ಅವರು ನಿರೂಪಕನ ಮಾತನ್ನು ಕೇಳಿಸಿಕೊಳ್ಳಲೇ ಇಲ್ಲ.

"ಹುಡುಗರ ಫೋಟೊ ಬರ್ತಿತ್ತೇನಮ್ಮ ಆಗ?"

"ಹೂಂ ಸಾರ್. ನಮಗ್ಯಾರಿಗೂ ಕಾಣ್ತಿರ್ಲಿಲ್ಲ."

"ನನ್ನ ಹತ್ರ ಓಡೋದು ಕಲಿತು ಸೇನೆ ಸೇರಿದೋರು ಎಷ್ಟು ಜನ ಇದಾರೆ ಗೊತ್ತಾ? ಛೆ. ಮುಂದಿನ ಮ್ಯಾಚಿನ ದಿನ ಎಲ್ರ ಮುಂದೆ ತಪ್ಪಾಯ್ತು ಅಂತ ಹೇಳ್ಬೇಕು."

"ಆ ದಿನ ಟಿವಿ ಹೊರಗೆ ತರ್ಬೇಡಿ ಸಾರ್, ಸ್ವಲ್ಪ ದಿನ."

"ಯಾಕೆ? ತಪ್ಪು ಮಾಡಿದೋನು ಹೊರಗೇ ನಿಂತ್ಕೋಬೇಕು."

ಹೇಳಿದಂತೆ ಮಾಡಿದರು. ಮುಂದಿನ ಪಂದ್ಯದ ಸಂಜೆ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು, ಬೀದಿಯವರ ಮುಂದೆ ನಿಂತು, ಕಾಣದೆ ಆದ ತಪ್ಪು, ಕ್ಷಮಿಸಿ ಎಂದರು. ಆಮೇಲೆ ತಾವೇ ಹೋಗಿ ಗೋಡೆಗೆ ಮುಖ ಮಾಡಿ ನಿಂತರು. ಒಂದು ಓವರ್. ಆ ದಿನ ಯಾರೂ ನಗಲಿಲ್ಲ.

ಆಟದ ನಡುವೆ ಅವರು ಬಂದರು. ನಾಲ್ವರು, ಎರಡು ಬೈಕುಗಳಲ್ಲಿ, ನಮ್ಮ ಬೀದಿಯವರಲ್ಲ. ಒಬ್ಬ ಮೊಬೈಲ್ ಎತ್ತಿ ಹಿಡಿದ.

"ಯಾರೋ ಅದು ಟಿವಿ ತಿರುಗ್ಸಿದ್ ಮುದ್ಕ? ಬಾ ಇಲ್ಲಿ. ಕ್ಯಾಮೆರಾ ಮುಂದೆ ಮಂಡಿಯೂರಿ ಘೋಷಣೆ ಕೂಗು."

"ಆಟ ನಡೀತಿದೆ," ಎಂದರು ಮೇಷ್ಟ್ರು. "ಮುಗೀಲಿ, ಆಮೇಲೆ ಏನಿದ್ರೂ ಮಾತಾಡೋಣ. ಅಲ್ಲೀತನಕ ಗೋಡೆ ಹತ್ರ ನಿಂತ್ಕೊಳ್ಳಿ."

ಸೀಟಿಯನ್ನು ಬಾಯಿಗಿಟ್ಟು ಊದಿದರು. ಆ ಸದ್ದು ಮುಗಿಯುವ ಮೊದಲೇ ಒಬ್ಬನ ಅಂಗೈ ಅವರ ಬಾಯಿಯ ಮೇಲೆ ಬಡಿಯಿತು. ಸೀಟಿ ಒಳಗೇ ಹೋಯಿತು. ಹಿತ್ತಾಳೆ ಹಲ್ಲಿಗೆ ಬಡಿದ ಆ ಸದ್ದನ್ನು ನಾನು ಹತ್ತಿರದಿಂದ ಕೇಳಿದೆ. ಮೂಲೆಯಲ್ಲಿ ಒರಗಿಸಿದ್ದ ಅವರದೇ ವಿಕೆಟ್ ಕಡ್ಡಿಯನ್ನು ಇನ್ನೊಬ್ಬ ಕಿತ್ತುಕೊಂಡ. ಮೊದಲ ಏಟು ಭುಜಕ್ಕೆ, ಎರಡನೆಯದು ದವಡೆಗೆ. ಭಾಯಿ ಕೈ ಅಡ್ಡ ಹಿಡಿದರು, ಮೂರನೆಯದು ಅವರ ಮುಂಗೈಗೆ. ನಾನು ಒಬ್ಬನ ಅಂಗಿ ಹಿಡಿದೆಳೆದೆ, ಅವನು ನನ್ನನ್ನು ಟಿವಿ ಸ್ಟ್ಯಾಂಡಿನ ಮೇಲೆ ತಳ್ಳಿದ. ಅಮ್ಮನವರು ಕಾದ ಕಡಲೆಕಾಯಿಯ ಪಾತ್ರೆಯನ್ನು ಅವರ ಮೇಲೆ ಎಸೆದ ಮೇಲಷ್ಟೇ ಆ ನಾಲ್ವರು ಹಿಂದೆ ಸರಿದದ್ದು. ಕುರ್ಚಿಗಳಲ್ಲಿದ್ದ ಬಹುಪಾಲು ಜನ ಎದ್ದು ನಿಂತಿದ್ದರು. ನಿಂತೇ ಇದ್ದರು. ಅದನ್ನೂ ದಾಖಲಿಸುತ್ತೇನೆ.

ಈ ಮನುಷ್ಯ ಜೀವಮಾನದ ಅರ್ಧ ಭಾಗ ಬೇರೆಯವರ ಮಕ್ಕಳನ್ನು ಹೊಡೆದವರು. ಅಂದು ಅವರ ಕೈ ಒಮ್ಮೆಯೂ ಮೇಲೇಳಲಿಲ್ಲ. ಬಿದ್ದ ಮೇಲೆ ಕೂಡ ಅವರ ತೋರುಬೆರಳು ಗೋಡೆಯ ಕಡೆಗೇ ಇತ್ತು.

ರಾಜಾಜಿನಗರದ ಆಸ್ಪತ್ರೆಯಲ್ಲಿ ದವಡೆಗೆ ತಂತಿ ಕಟ್ಟಿದರು. ಹೇಳಿಕೆ ಪಡೆಯಲು ಬಂದ ಪೊಲೀಸ್ ಅಧಿಕಾರಿ ಹಾಸಿಗೆಯ ಪಕ್ಕ ಕೂತರು.

"ಎಷ್ಟು ಜನ ಇದ್ರು ಸಾರ್?"

ಮಾತಾಡಲಾಗದ ಮೇಷ್ಟ್ರು ಬಲಗೈಯನ್ನು ಎದೆಯ ಮುಂದೆ ಅತ್ತಿಂದಿತ್ತ ಬೀಸಿದರು. ಅಂಪೈರ್ ಬೌಂಡರಿಗೆ ತೋರಿಸುವ ಸನ್ನೆ. ಪಕ್ಕದಲ್ಲಿದ್ದ ಪೇದೆ ನಕ್ಕುಬಿಟ್ಟ. "ನಾಲ್ಕು ಅಂತಿದಾರೆ ಸಾರ್."

ಅಧಿಕಾರಿ ಪೆನ್ನಿಗೆ ಮುಚ್ಚಳ ಹಾಕಿದರು. "ಹುಡುಗರು ಸಾರ್. ದೇಶದ ಮೇಲಿನ ಅಭಿಮಾನ ಸ್ವಲ್ಪ ಜಾಸ್ತಿ ಆಗಿ ಹಿಂಗಾಗಿದೆ. ರಾಜಿ ಆದ್ರೆ ಎಲ್ರಿಗೂ ಒಳ್ಳೇದು."

ಮೇಷ್ಟ್ರು ಎರಡೂ ಕೈಗಳನ್ನು ಪಕ್ಕಕ್ಕೆ ಚಾಚಿದರು, ಸಲೈನಿನ ನಳಿಕೆ ಬಿಗಿಯಾಗುವವರೆಗೆ. ವೈಡ್, ಎಸೆತ ದಾರಿ ತಪ್ಪಿದೆ ಎಂಬ ಸನ್ನೆ. ರಾಜಿ ಆಗಲಿಲ್ಲ. ಹಲ್ಲೆ ಮಾಡಿದವರು ಜಾಮೀನಿನ ಮೇಲೆ ಹೊರಗಿದ್ದಾರೆ. ಪ್ರಚೋದಿಸಿದವನ ಹೆಸರು ದೂರಿನಲ್ಲಿ ಇನ್ನೂ ಸೇರಿಲ್ಲ.

ಮನೆಗೆ ಬಂದ ಮೇಲೆ ಒಂದೇ ಒಂದು ಪಂದ್ಯಕ್ಕೆ ಟಿವಿ ಹೊರಗೆ ಬಂತು. ಮೂರು ಕುರ್ಚಿಗಳು ಬಂದವು. ಭಾಯಿ ಪ್ಲಾಸ್ಟರ್ ಹಾಕಿದ ಕೈಯಲ್ಲೇ ತಮ್ಮ ಕುರ್ಚಿ ಎಳೆದುಕೊಂಡು ಬಂದಿದ್ದರು. ನಡುವೆ ಸ್ಟುಡಿಯೋದವರು ತಮ್ಮ ಮಾಮೂಲಿ ಮಾತಿಗಿಳಿದರು. ಮೇಷ್ಟ್ರ ಕೈ ಅಭ್ಯಾಸದಿಂದ ಎದೆಯ ಮೇಲೆ ಹೋಯಿತು. ಸೀಟಿ ಪೊಲೀಸರ ವಶದಲ್ಲಿತ್ತು. ಇದ್ದಿದ್ದರೂ ತಂತಿ ಕಟ್ಟಿದ ಬಾಯಿಗೆ ಊದಲಾಗುತ್ತಿರಲಿಲ್ಲ. ಎದ್ದು ಸ್ಟ್ಯಾಂಡ್ ತಳ್ಳಲು ಹೋದರು, ಏಟು ಬಿದ್ದ ಭುಜಕ್ಕೆ ತಳ್ಳುವ ಬಲವಿರಲಿಲ್ಲ. ಅಮ್ಮನವರು ಬಂದು ತಿರುಗಿಸಿದರು. ಮೇಷ್ಟ್ರು ಬೀಜ ದಾಟಿಸುತ್ತಾ ನಿಂತರು. ನಾಲ್ಕನೆಯದರ ಹೊತ್ತಿಗೆ ಕುರ್ಚಿಯಲ್ಲಿ ಕೂತುಬಿಟ್ಟರು. ಆಮೇಲೆ ಗಾಯದ ನಂಜು ಏರಿತು, ನಳಿಕೆಯ ಗಂಜಿ ಒಳಗಿಳಿಯುವುದು ನಿಂತಿತು. ಮತ್ತೊಂದು ಪಂದ್ಯ ಅವರು ನೋಡಲಿಲ್ಲ.

ತಿಥಿ ಕಳೆದ ಮೇಲೆ ಮೂಲೆಮನೆಯ ಅಳಿಯ ನನ್ನನ್ನು ಹುಡುಕಿಕೊಂಡು ಬಂದ. ಮೊಬೈಲ್ ಚಾಚಿದ. ಕತ್ತರಿಸದ ಪೂರ್ತಿ ವಿಡಿಯೊ ಅದರಲ್ಲಿತ್ತು. ಗೋಡೆಗೆ ನಿಂತ ಅವನೇ ನಗುತ್ತಾ, "ಭಾಯಿಗೆ ಯಾವ ಕಡೆ ಅಂತ ಕೇಳಿದ್ದಕ್ಕೆ ಗೋಡೆ ಶಿಕ್ಷೆ ನೋಡಿ," ಎನ್ನುತ್ತಾನೆ. ನಿರೂಪಕನ ಮಾತು ಕೇಳುತ್ತದೆ, ಸೀಟಿ ಕೇಳುತ್ತದೆ, ದನಿ ಅಡಗುತ್ತದೆ, ಟಿವಿ ತಿರುಗುತ್ತದೆ, ಆನಂತರ ಚಿತ್ರಗಳು ಬರುತ್ತವೆ. ಭಾಯಿಯ ಮಾತಿಗೆ ನಗು ಏಳುತ್ತದೆ. ಯಾವುದು ಯಾವುದರ ನಂತರ ಎಂಬುದು ಕುರುಡನಿಗೂ ಸ್ಪಷ್ಟ.

"ನನ್ನ ಮಾತಿರೋ ಭಾಗ ಕಟ್ ಮಾಡ್ಬೇಡಿ ಮೇಡಂ," ಎಂದ. "ಒಂದ್ ಸಲ ಮಾಡಿದ್ದೇ ಸಾಕು."

ಆದ್ದರಿಂದ ಆ ವಾಹಿನಿಯ ಮಾಲೀಕರಿಗೆ, ಸಂಪಾದಕರಿಗೆ, ಆ ನಿರೂಪಕನಿಗೆ ನಮ್ಮ ಬೇಡಿಕೆ ಇದು. ಪರಿಹಾರದ ಚೆಕ್ಕನ್ನು ಅಮ್ಮನವರು ಕೇಳುತ್ತಿಲ್ಲ. ನಿಮ್ಮ ಮುಂದಿನ ನೇರಪ್ರಸಾರದ ದಿನ, ಇನಿಂಗ್ಸ್ ನಡುವಿನ ಅದೇ ಹೊತ್ತಿನಲ್ಲಿ, ಅದೇ ನಿರೂಪಕ ಆ ವಿಡಿಯೊವನ್ನು ಕತ್ತರಿಸದೆ ತೋರಿಸಬೇಕು. ತಾನು ವಿಚಾರಿಸದೆ ಒಬ್ಬ ಮನುಷ್ಯನ ಮೇಲೆ ಜನರನ್ನು ಛೂ ಬಿಟ್ಟೆ, ಆ ಮನುಷ್ಯ ಸತ್ತರು ಎಂಬ ಎರಡು ವಾಕ್ಯಗಳನ್ನು ತನ್ನ ಬಾಯಿಂದ ಹೇಳಬೇಕು. ಆಟ ಮತ್ತೆ ಆರಂಭವಾದಾಗ ಮೊದಲ ಓವರ್ ಪೂರ್ತಿ ನಿಮ್ಮಲ್ಲಿ ಒಬ್ಬರೂ ಬಾಯಿ ತೆರೆಯಬಾರದು. ಬ್ಯಾಟಿಗೆ ಚೆಂಡು ತಾಗುವ ಸದ್ದು, ಮೈದಾನದ ಜನರ ಸದ್ದು, ಅಷ್ಟೇ ನಮಗೆ ಕೇಳಬೇಕು.

ಆರು ಎಸೆತ. ಅದಕ್ಕಿಂತ ಹೆಚ್ಚು ಹೊತ್ತು ಮೇಷ್ಟ್ರು ಯಾರನ್ನೂ ಗೋಡೆಗೆ ನಿಲ್ಲಿಸಿದವರಲ್ಲ. ಹುಣಸೆಬೀಜಗಳು ಅಮ್ಮನವರ ಬಳಿ ಇವೆ, ಎಣಿಸಲು ಅವರು ಕೂತಿರುತ್ತಾರೆ.